ಆಗಸ್ಟಿನಲ್ಲೇ ಶುರುವಾಗುವ ಚಳಿಗಾಲ

ಜನವರಿಯ ನಡುರಾತ್ರಿ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಉಷ್ಣತೆ ಸೊನ್ನೆಗಿಂತ 20 ಡಿಗ್ರಿ ಕೆಳಕ್ಕೆ ಇಳಿದಿದೆ. ಹೊಲ, ಬೇಲಿ, ದಾರಿ ಎಲ್ಲ ಹಿಮದಡಿ ಮುಚ್ಚಿಹೋಗಿವೆ. ಬೇಲಿಯ ಅಂಚಿನಲ್ಲಿ ಒಂದು ಮರದ ಪೆಟ್ಟಿಗೆ. ಅದರ ಮುಚ್ಚಳದ ಮೇಲೂ ಗೇಣುದ್ದ ಹಿಮ. ಈ ನೆಲ ಹೂವು ಕಂಡು ಎರಡು ತಿಂಗಳ ಮೇಲಾಯಿತು. ಇನ್ನೂ ಎರಡು ತಿಂಗಳು ಕಾಣುವುದಿಲ್ಲ. ಆ ಪೆಟ್ಟಿಗೆಯ ಪಕ್ಕೆಗೆ ಕಿವಿಯಾನಿಸಿ ಉಸಿರು ಬಿಗಿಹಿಡಿದು ನಿಂತರೆ, ದೂರದಲ್ಲೆಲ್ಲೋ ಬೀಸುಕಲ್ಲು ತಿರುಗುತ್ತಿರುವ ಹಾಗೆ ಮೆಲುದನಿಯೊಂದು ಕೇಳಿಸುತ್ತದೆ. ಹತ್ತು ಸಾವಿರಕ್ಕೂ ಹೆಚ್ಚು ಜೇನ್ನೊಣಗಳು ಅಲ್ಲಿ ಎಚ್ಚರವಾಗಿವೆ.

ಶೀತವಲಯದ ಕೀಟಗಳಿಗೆ ಚಳಿಗಾಲವೆಂದರೆ ಬಹುಮಟ್ಟಿಗೆ ಸಾವು, ಇಲ್ಲವೇ ನಿದ್ದೆ. ಕಣಜದ ಹುಳುಗಳ ಗೂಡಿನಲ್ಲಿ ಅಲ್ಲಿ ಎಲ್ಲರೂ ಸಾಯುತ್ತಾರೆ. ಹೊಸ ರಾಣಿಯರು ಮಾತ್ರ ಯಾವುದೋ ಸಂದಿಯಲ್ಲಿ ಮರಗಟ್ಟಿ ಮಲಗಿ ವಸಂತಕ್ಕೆ ಕಾಯುತ್ತಾರೆ. ಬಂಬಲ್‌ಬೀಗಳದೂ ಇದೇ ಕತೆ. ಜೇನು ಹಾಗಲ್ಲ. ಇಡೀ ಸಂಸಾರವೇ ಕೂತು, ಉಂಡು, ಮೈ ಬಿಸಿಮಾಡಿಕೊಂಡು ಚಳಿಗಾಲ ಕಳೆಯುತ್ತದೆ. ಒಂಟಿ ಜೇನ್ನೊಣವನ್ನು ನೋಡಿದರೆ ಇದು ನಂಬುವ ಮಾತಲ್ಲ: ಮೈಯುಷ್ಣತೆ 10 ಡಿಗ್ರಿಯ ಆಸುಪಾಸಿಗೆ ಇಳಿದರೆ ಸಾಕು, ಅದು ಕಾಲಾಡಿಸಲೂ ಆಗದೆ ಮರಗಟ್ಟಿ ಬಿದ್ದುಬಿಡುತ್ತದೆ.

ಚಳಿಗಾಲಕ್ಕೆ ಪೆಟ್ಟಿಗೆ ಸಜ್ಜುಮಾಡುವುದೆಂದರೆ ಅದಕ್ಕೊಂದು ಕಂಬಳಿ ಹೊದಿಸುವುದು ಎಂದು ನಾನೂ ಬಹಳ ಕಾಲ ತಿಳಿದಿದ್ದೆ. ವಿಷಯ ಓದುತ್ತ, ನಮ್ಮ ಮಲೆನಾಡಿನಲ್ಲಿ ತುಡುವೆ ಜೇನು ಸಾಕುತ್ತ ಹೋದ ಹಾಗೆ ತಿಳಿದದ್ದು ಬೇರೆಯೇ. ಹೊಟ್ಟೆ ತುಂಬಿದ, ಮೈ ಒಣಗಿರುವ, ಆರೋಗ್ಯವಂತ ಕುಟುಂಬವನ್ನು ಚಳಿಯೊಂದೇ ಕೊಲ್ಲುವುದು ತೀರ ಅಪರೂಪ. ಕೊಲ್ಲುವುದು ಹಸಿವು, ತೇವ, ಮತ್ತು ತಪ್ಪು ಹೊತ್ತಿನಲ್ಲಿ ಬಂದ ರೋಗ. ಈ ಮೂರನ್ನೂ ತಡೆಯುವ ಕೆಲಸ ಹಿಮ ಬೀಳುವ ಎಷ್ಟೋ ಮೊದಲೇ, ಬಿಸಿಲು ಇನ್ನೂ ಚುರುಗುಡುವ ಆಗಸ್ಟಿನಲ್ಲಿ ಶುರುವಾಗಬೇಕು.

ಬೆಂಕಿಯಿಲ್ಲದ ಒಲೆ

ಹೊರಗಿನ ಉಷ್ಣತೆ ಸುಮಾರು 14 ಡಿಗ್ರಿಗಿಂತ ಕೆಳಗಿಳಿಯುತ್ತಿದ್ದಂತೆ ಪೆಟ್ಟಿಗೆಯೊಳಗಿನ ನೊಣಗಳು ಒಂದೆಡೆ ಸೇರತೊಡಗುತ್ತವೆ. ಎರಿಗಳ ನಡುವಿನ ಓಣಿಗಳಲ್ಲಿ ಒತ್ತಾಗಿ ನಿಲ್ಲುತ್ತವೆ. ಖಾಲಿ ಕಣಗಳೊಳಕ್ಕೂ ತಲೆ ತೂರಿಸಿ ಕೂರುತ್ತವೆ. ಎರಿಗಳನ್ನು ಮರೆತು ನೋಡಿದರೆ ಅದೊಂದು ಚೆಂಡು. ಚೆಂಡಿನ ಹೊರಪದರದ ನೊಣಗಳು ತಲೆಯನ್ನು ಒಳಮುಖವಾಗಿಟ್ಟು, ಮೈಗೆ ಮೈ ಹೆಣೆದುಕೊಂಡು, ಎದೆಯ ಮೇಲಿನ ರೋಮಗಳು ಒಂದಕ್ಕೊಂದು ತಾಗುವಂತೆ ನಿಂತಿರುತ್ತವೆ. ಒಳಗಡೆ ಓಡಾಡುವಷ್ಟು ಸಡಿಲವಾದ ಜಾಗ. ಅಲ್ಲಿ ರಾಣಿ ಇರುತ್ತಾಳೆ.

ಒಳಗಿನ ನೊಣಗಳು ಬಿಸಿ ಹುಟ್ಟಿಸುವ ರೀತಿ ಸರಳ, ಆದರೆ ಬೆರಗಿನದು. ಹಾರುವಾಗ ರೆಕ್ಕೆಯನ್ನು ಮೇಲೆತ್ತುವುದಕ್ಕೆ ಒಂದು ಜೊತೆ ಸ್ನಾಯು, ಕೆಳಗಿಳಿಸುವುದಕ್ಕೆ ಇನ್ನೊಂದು ಜೊತೆ. ಎರಡನ್ನೂ ಒಟ್ಟಿಗೆ ಬಿಗಿಹಿಡಿದರೆ ರೆಕ್ಕೆ ಅಲುಗುವುದಿಲ್ಲ, ಸ್ನಾಯು ಮಾತ್ರ ದುಡಿಯುತ್ತದೆ. ಆ ದುಡಿಮೆಯೆಲ್ಲ ಬಿಸಿಯಾಗಿ ಹೊರಬರುತ್ತದೆ. ಉರುವಲು ಜೇನುತುಪ್ಪ. ಮರಿಗಳಿಲ್ಲದ ದಿನಗಳಲ್ಲಿ ಚೆಂಡಿನ ಒಳಭಾಗ 20 ಡಿಗ್ರಿಗೂ ಮೇಲಿರುತ್ತದೆ. ಚಳಿಗಾಲದ ಕೊನೆಗೆ ರಾಣಿ ಮತ್ತೆ ಮೊಟ್ಟೆಯಿಡಲು ಶುರುಮಾಡಿದರೆ 33ರಿಂದ 36 ಡಿಗ್ರಿಗೆ ಏರುತ್ತದೆ. ಹೊರಪದರದ ನೊಣಗಳು ಮಾತ್ರ ಮರಗಟ್ಟದಿರುವ ಗೆರೆಯ ಮೇಲೆ, 10 ಡಿಗ್ರಿಯ ಆಸುಪಾಸಿನಲ್ಲಿ ಉಳಿದಿರುತ್ತವೆ.

ಅಮೆರಿಕದ ಕೃಷಿ ಇಲಾಖೆಯ ಸಿ. ಡಿ. ಓವೆನ್ಸ್ ಅವರು ಪೆಟ್ಟಿಗೆಗಳೊಳಗೆ ಉಷ್ಣತೆ ಅಳೆಯುವ ತಂತಿಗಳನ್ನು ಹರಡಿ, ಚಳಿಗಾಲದುದ್ದಕ್ಕೂ ಲೆಕ್ಕವಿಟ್ಟು 1971ರಲ್ಲಿ ಪ್ರಕಟಿಸಿದರು. ಚೆಂಡಿನಿಂದ ಸ್ವಲ್ಪ ಈಚೆಗೆ ಬಂದರೆ ಪೆಟ್ಟಿಗೆಯ ಒಳಗಿನ ಗಾಳಿ ಹೆಚ್ಚುಕಡಿಮೆ ಹೊರಗಿನಷ್ಟೇ ತಣ್ಣಗಿತ್ತು. ಜೇನು ಮನೆಯನ್ನು ಬಿಸಿಮಾಡುವುದಿಲ್ಲ, ತನ್ನ ಮೈಯನ್ನಷ್ಟೇ ಬಿಸಿಮಾಡಿಕೊಳ್ಳುತ್ತದೆ ಎಂಬ ಮಾತು ಅಲ್ಲಿಂದ ಗಟ್ಟಿಯಾಯಿತು.

ಹಾಗಾದರೆ ನಾವೇ ಬಿಸಿ ಕೊಟ್ಟರೆ? ಕೆನಡಾದಲ್ಲಿ ನೂರಾರು ಪೆಟ್ಟಿಗೆಗಳನ್ನು ಚಳಿಗಾಲದಲ್ಲಿ ಕತ್ತಲ ಗೋದಾಮಿನೊಳಗೆ ಇಡುವ ಸಾಕಣೆದಾರರಿದ್ದಾರೆ. ಬೇಕಾದಷ್ಟು ಬಿಸಿಮಾಡುವ ಸೌಲಭ್ಯ ಅವರ ಕೈಯಲ್ಲಿದೆ. ಆದರೂ ಗೋದಾಮನ್ನು ಅವರು ಇಡುವುದು 4–5 ಡಿಗ್ರಿಯಲ್ಲಿ. ಅದಕ್ಕಿಂತ ತಣ್ಣಗಾದರೆ ನೊಣಗಳು ಬಿಸಿಗಾಗಿ ಹೆಚ್ಚು ಜೇನು ಉರಿಸುತ್ತವೆ. ಬೆಚ್ಚಗಾದರೆ ಚೆಂಡು ಸಡಿಲಗೊಂಡು, ಓಡಾಟ ಹೆಚ್ಚಿ, ಆಗಲೂ ಜೇನು ಕರಗುತ್ತದೆ. ಅತಿ ಕಡಿಮೆ ಖರ್ಚಿನಲ್ಲಿ ಬದುಕುವ ಹದ ಈ ನಡುವಿನದು.

ಮರದ ಪೊಟರೆಯಲ್ಲಿ ಜೇನಿಗೆ ಸಿಗುತ್ತಿದ್ದದ್ದು ಅಂಗೈಯುದ್ದ ದಪ್ಪದ ಗೋಡೆ. ನಾವು ಕೊಟ್ಟಿರುವುದು ಬೆರಳಗಲದ ಹಲಗೆ. ಇಂಗ್ಲೆಂಡಿನ ಡೆರೆಕ್ ಮಿಚೆಲ್ ಅವರು 2023ರಲ್ಲಿ ಈ ಅಂಶವನ್ನೇ ಹಿಡಿದು, ಬಿಗಿಯಾದ ಚೆಂಡು ಜೇನಿಗೆ ನೆಮ್ಮದಿಯ ಭಂಗಿಯಲ್ಲ, ತೆಳು ಗೋಡೆಯ ಪೆಟ್ಟಿಗೆ ಹೇರಿದ ಕಷ್ಟ ಎಂದು ವಾದಿಸಿದರು. ಚರ್ಚೆ ನಡೆದೇ ಇದೆ. ನಮ್ಮ ಕಾಶ್ಮೀರದ ಹಳ್ಳಿಗಳಲ್ಲಿ ಮಣ್ಣಿನ ಮನೆಗಳ ದಪ್ಪ ಗೋಡೆಯೊಳಗೇ ತುಡುವೆಗೆ ಗೂಡು ಮಾಡಿಕೊಡುವ ಹಳೆಯ ಪದ್ಧತಿಯಿದೆ. ಆ ಗೋಡೆ ಕಟ್ಟಿದವರಿಗೆ ಈ ಚರ್ಚೆಯ ಸಾರ ಗೊತ್ತಿತ್ತು ಅನ್ನಿಸುತ್ತದೆ.

ಒಂದೇ ಮೊಟ್ಟೆ, ಎರಡು ಆಯುಸ್ಸು

ಬೇಸಿಗೆಯಲ್ಲಿ ಹುಟ್ಟಿದ ಕೆಲಸಗಾರ ಜೇನು ಐದಾರು ವಾರ ಬದುಕುತ್ತದೆ. ಶರತ್ಕಾಲದಲ್ಲಿ ಹುಟ್ಟಿದ್ದು ಆರು ತಿಂಗಳು ಬದುಕುತ್ತದೆ. ರಾಣಿ ಅದೇ, ಕಣ ಅದೇ, ಮೊಟ್ಟೆಯೂ ಅದೇ ಬಗೆಯದು. ಆಯುಸ್ಸು ಮಾತ್ರ ನಾಲ್ಕೈದು ಪಟ್ಟು.

ಸ್ವಿಟ್ಜರ್ಲೆಂಡಿನ ಆನ್ನಾ ಮೌರಿಜಿಯೊ ಅವರು 1950ರ ಹೊತ್ತಿಗೆ ಈ ಗುಟ್ಟಿನ ಮೊದಲ ಎಳೆ ಹಿಡಿದರು. ಚೆನ್ನಾಗಿ ಪರಾಗ ತಿಂದು, ಮರಿಗಳಿಗೆ ಉಣಿಸುವ ಹೊಣೆಯಿಲ್ಲದೆ ಉಳಿದ ನೊಣಗಳು ದೀರ್ಘಕಾಲ ಬದುಕುತ್ತವೆ ಎಂದು ಅವರು ತೋರಿಸಿದರು. ಎಳೆಯ ಕೆಲಸಗಾರ ಜೇನು ಪರಾಗ ತಿಂದು ತನ್ನ ಹೊಟ್ಟೆಯ ಕೊಬ್ಬಿನ ಅಂಗಾಂಶದಲ್ಲಿ ವಿಟೆಲೊಜೆನಿನ್ ಎಂಬ ಪ್ರೋಟೀನ್ ತಯಾರಿಸುತ್ತದೆ. ಬೇಸಿಗೆಯಲ್ಲಿ ಈ ಗಂಟೆಲ್ಲ ಮರಿಗಳ ಊಟವಾಗಿ ಕರಗಿಹೋಗುತ್ತದೆ. ಬರಿದಾದ ನೊಣ ಹೊರಗೆ ದುಡಿಯಲು ಹೊರಟು, ಕೆಲವೇ ವಾರಗಳಲ್ಲಿ ರೆಕ್ಕೆ ಹರಿದು ಸಾಯುತ್ತದೆ. ಶರತ್ಕಾಲದಲ್ಲಿ ಹೂವು ಕಡಿಮೆಯಾಗಿ ರಾಣಿ ಮೊಟ್ಟೆಯಿಡುವುದನ್ನು ನಿಲ್ಲಿಸುತ್ತ ಬರುತ್ತಾಳೆ. ಆಗ ಹುಟ್ಟಿದ ನೊಣಕ್ಕೆ ಉಣಿಸಲು ಮರಿಯಿಲ್ಲ. ತಿಂದದ್ದು ಮೈಯಲ್ಲೇ ಉಳಿಯುತ್ತದೆ. ವಿಟೆಲೊಜೆನಿನ್ ಆಹಾರದ ದಾಸ್ತಾನಷ್ಟೇ ಅಲ್ಲದೆ ನೊಣದ ದೇಹವನ್ನು ಮುಪ್ಪಿನಿಂದಲೂ ಕಾಯುತ್ತದೆ ಎಂಬುದು ನಾರ್ವೆಯ ಗ್ರೋ ಆಮ್ಡಾಮ್ ಮತ್ತು ಸಂಗಡಿಗರ ಸಂಶೋಧನೆಯಿಂದ ತಿಳಿದುಬಂತು.

ಹೀಗಾಗಿ ಜೇನಿಗೆ ಎರಡು ಕಣಜ. ಒಂದು ಎರಿಯಲ್ಲಿ, ಇನ್ನೊಂದು ಒಂದೊಂದು ನೊಣದ ಹೊಟ್ಟೆಯಲ್ಲಿ. ಎರಿಯ ಕಣಜವನ್ನು ಕೊನೆ ಗಳಿಗೆಯಲ್ಲಿ ಸಕ್ಕರೆ ಪಾಕ ಕೊಟ್ಟು ಹೇಗೋ ತುಂಬಿಸಬಹುದು. ಹೊಟ್ಟೆಯೊಳಗಿನದನ್ನು ಹಾಗೆ ತುಂಬಿಸಲು ಆಗುವುದಿಲ್ಲ. ಅದಕ್ಕೆ ಶರತ್ಕಾಲದ ಪರಾಗ ಬೇಕು. ವಿಸ್ಕಾನ್ಸಿನ್ನಿನಲ್ಲಿ ಅದು ಗೋಲ್ಡನ್‌ರಾಡ್, ಆಸ್ಟರ್ ಎಂಬ ಬೇಲಿಸಾಲಿನ ಕಳೆಹೂಗಳಿಂದ ಬರುತ್ತದೆ. ಬೇಲಿಸಾಲನ್ನು ಸವರದೆ ಬಿಡುವುದೂ ಅಲ್ಲಿ ಚಳಿಗಾಲದ ಸಿದ್ಧತೆಯೇ.

ನುಸಿ ತಿನ್ನುವುದು ಚಳಿಗಾಲವನ್ನೇ

ಈ ಎರಡನೆಯ ಕಣಜಕ್ಕೆ ಕನ್ನ ಹಾಕುವ ಕಳ್ಳ ವರೋವಾ ನುಸಿ. ಕೆಂಗಂದು ಬಣ್ಣ, ಸಾಸಿವೆ ಕಾಳಿಗಿಂತ ತುಸು ಚಿಕ್ಕದು. ನಮ್ಮ ತುಡುವೆ ಜೇನಿನ ಹಳೆಯ ಒಕ್ಕಲು ಅದು. ತುಡುವೆಯ ಗೂಡಿನಲ್ಲಿ ಅದು ಹೆಚ್ಚುಕಡಿಮೆ ಗಂಡು ಮರಿಗಳ ಕಣಗಳಲ್ಲಷ್ಟೇ ಸಂತಾನ ಬೆಳೆಸುತ್ತದೆ. ತುಡುವೆಗಳು ಒಂದರ ಮೈಯನ್ನೊಂದು ಸವರಿ ಅದನ್ನು ಕಿತ್ತೂ ಹಾಕುತ್ತವೆ. ಸಾವಿರಾರು ವರ್ಷಗಳ ಒಡನಾಟದಲ್ಲಿ ಎರಡಕ್ಕೂ ಒಂದು ಹೊಂದಾಣಿಕೆ ಬಂದಿದೆ. ಯೂರೋಪಿನ ಜೇನನ್ನು, ಅಂದರೆ ಏಪಿಸ್ ಮೆಲ್ಲಿಫೆರಾವನ್ನು, ಮನುಷ್ಯ ಏಷ್ಯಾಕ್ಕೆ ತಂದು ತುಡುವೆಯ ಪಕ್ಕದಲ್ಲಿಟ್ಟ ಮೇಲೆ ನುಸಿ ಗೂಡು ಬದಲಿಸಿತು. ಅಮೆರಿಕದಲ್ಲಿ ಅದು ಕಾಣಿಸಿಕೊಂಡದ್ದು 1987ರಲ್ಲಿ. ಅಲ್ಲಿನ ಜೇನಿಗೆ ಈ ಶತ್ರುವಿನ ಪರಿಚಯವೇ ಇರಲಿಲ್ಲ.

ಮರಿಯ ಕಣಕ್ಕೆ ಮೇಣದ ಮುಚ್ಚಳ ಬೀಳುವ ಮುನ್ನ ಹೆಣ್ಣು ನುಸಿ ಒಳಗೆ ನುಸುಳುತ್ತದೆ. ಮುಚ್ಚಿದ ಕಣದೊಳಗೆ ಬೆಳೆಯುತ್ತಿರುವ ಜೇನನ್ನೇ ತಿನ್ನುತ್ತ ಮೊಟ್ಟೆಯಿಡುತ್ತದೆ. ಅದು ರಕ್ತ ಹೀರುತ್ತದೆ ಎಂದೇ ದಶಕಗಳ ಕಾಲ ಪಾಠಪುಸ್ತಕಗಳು ಹೇಳಿದವು. 2019ರಲ್ಲಿ ಸ್ಯಾಮ್ಯುಯೆಲ್ ರಾಮ್ಸೆ ಮತ್ತು ಸಂಗಡಿಗರು ಬೆಳೆದ ನೊಣದ ಮೈಮೇಲಿರುವಾಗ ಅದರ ಮುಖ್ಯ ಆಹಾರ ಕೊಬ್ಬಿನ ಅಂಗಾಂಶ ಎಂದು ತೋರಿಸಿದರು. ವಿಟೆಲೊಜೆನಿನ್ ತಯಾರಾಗುವುದು ಅಲ್ಲೇ, ಜೇನು ಆರು ತಿಂಗಳ ಆಯುಸ್ಸನ್ನು ಕಟ್ಟಿಕೊಳ್ಳುವುದು ಅಲ್ಲೇ. ಇದರ ಜೊತೆಗೆ ರೆಕ್ಕೆಗಳನ್ನು ಮುರುಟಿಸುವ ವೈರಸ್ಸನ್ನೂ ನುಸಿ ಅಂಟಿಸುತ್ತದೆ.

ಇನ್ನು ಆಗಸ್ಟಿನ ಲೆಕ್ಕ. ಬೇಸಿಗೆಯುದ್ದಕ್ಕೂ ಜೇನಿನ ಜೊತೆಯಲ್ಲೇ ನುಸಿಯೂ ಹೆಚ್ಚುತ್ತ ಬಂದಿರುತ್ತದೆ. ಆಗಸ್ಟ್ ದಾಟಿದ ಮೇಲೆ ಮರಿಗಳ ಕಣಗಳು ಕಡಿಮೆಯಾಗುತ್ತವೆ, ನುಸಿ ಕಡಿಮೆಯಾಗುವುದಿಲ್ಲ. ಒಂದೊಂದು ಮರಿಯ ಪಾಲಿಗೆ ಬೀಳುವ ನುಸಿ ಹೆಚ್ಚುತ್ತದೆ. ಚಳಿಗಾಲ ಹೊರಬೇಕಾದ ನೊಣಗಳು ಹುಟ್ಟುವುದು ಇದೇ ಹೊತ್ತಿಗೆ. ಮೊಟ್ಟೆಯಿಂದ ನೊಣವಾಗಲು 21 ದಿನ ಬೇಕು. ಆ ಮರಿಗೆ ಉಣಿಸುವ ದಾದಿಯೂ ಆರೋಗ್ಯವಾಗಿರಬೇಕು. ಹಿಂದಕ್ಕೆ ಎಣಿಸುತ್ತ ಬಂದರೆ ಔಷಧಿ ಹಾಕುವ ಹೊತ್ತು ಆಗಸ್ಟೇ. ಅಕ್ಟೋಬರ್ ಕೊನೆಯಲ್ಲಿ ಹಾಕಿದರೆ ನುಸಿ ಸಾಯುತ್ತದೆ, ಆದರೆ ಅದು ಆಗಲೇ ತಿಂದು ಬಿಟ್ಟ ನೊಣಗಳು ಮತ್ತೆ ತುಂಬಿಕೊಳ್ಳುವುದಿಲ್ಲ. ಬಾಯಾರಿದಾಗ ಬಾವಿ ತೋಡಿದ ಹಾಗೆ.

ನುಸಿ ಎಣಿಸುವ ವಿಧಾನ ನೋಡಲು ಚೆಂದ. ಮರಿಯಿರುವ ಎರಿಯಿಂದ ಅರ್ಧ ಕಪ್ಪಿನಷ್ಟು, ಅಂದರೆ ಸುಮಾರು 300 ನೊಣಗಳನ್ನು ಜಾಲರಿ ಮುಚ್ಚಳದ ಬಾಟಲಿಗೆ ಹಾಕುತ್ತಾರೆ. ಆ ಎರಿಯಲ್ಲಿ ರಾಣಿ ಇಲ್ಲವೆಂದು ಎರಡು ಸಲ ನೋಡಿಕೊಂಡಿರುತ್ತಾರೆ. ಮೇಲೆ ಎರಡು ಚಮಚ ನುಣ್ಣನೆಯ ಸಕ್ಕರೆ ಪುಡಿ. ಬಾಟಲಿಯನ್ನು ಮೆಲ್ಲಗೆ ಉರುಳಿಸಿ, ಒಂದೆರಡು ನಿಮಿಷ ಬಿಟ್ಟು, ಬಿಳಿ ತಟ್ಟೆಯ ಮೇಲೆ ಬೋರಲು ಹಿಡಿದು ಕೊಡವಿದರೆ ಪುಡಿಯ ಜೊತೆ ನುಸಿಗಳು ಉದುರುತ್ತವೆ. ಅಜ್ಜಿಯಂತೆ ಬೆಳ್ಳಗಾದ ನೊಣಗಳು ಗೂಡಿಗೆ ಹಿಂದಿರುಗಿದರೆ ಮಿಕ್ಕವು ಅವುಗಳ ಮೈ ನೆಕ್ಕಿ ಚೊಕ್ಕಟ ಮಾಡುತ್ತವೆ. ತಟ್ಟೆಯಲ್ಲಿ ನೂರು ನೊಣಕ್ಕೆ ಎರಡು ಮೂರು ನುಸಿಯ ಲೆಕ್ಕ ಬಂದರೂ ತಡಮಾಡುವಂತಿಲ್ಲ.

ಎತ್ತಿ ನೋಡು, ತುಂಬಿಸಿ ಕೊಡು

ಸೆಪ್ಟೆಂಬರಿನ ಕೆಲಸ ತೂಕದ್ದು. ಅನುಭವಸ್ಥರು ಪೆಟ್ಟಿಗೆಯ ಹಿಂಬದಿಯನ್ನು ಒಂದು ಕೈಯಿಂದ ಬೆರಳಗಲ ಎತ್ತಿ ನೋಡುತ್ತಾರೆ. ನೆಲಕ್ಕೆ ಮೊಳೆ ಹೊಡೆದಂತೆ ಅಲುಗದೆ ಕೂತಿದ್ದರೆ ಸರಿ, ಹಗುರವಾಗಿ ಎದ್ದು ಬಂದರೆ ಚಿಂತೆ. ಉತ್ತರ ಅಮೆರಿಕದ ಶೀತಪ್ರದೇಶದಲ್ಲಿ ಒಂದು ಕುಟುಂಬಕ್ಕೆ 36ರಿಂದ 40 ಕಿಲೊ ಜೇನು ಬಿಡಬೇಕು ಎಂಬುದು ವಾಡಿಕೆ. ಎರಡೂ ಬದಿ ತುಂಬಿ ಮುಚ್ಚಿದ ದೊಡ್ಡ ಚೌಕಟ್ಟಿನಲ್ಲಿ ಎರಡೂವರೆಯಿಂದ ಮೂರು ಕಿಲೊ ಇರುತ್ತದೆ. ಹದಿಮೂರು ಹದಿನಾಲ್ಕು ಚೌಕಟ್ಟು ಅವುಗಳ ಪಾಲು, ಮಿಕ್ಕದ್ದು ನಮ್ಮ ಪಾಲು. ಕಡಿಮೆ ಬಿದ್ದರೆ ಎರಡು ಪಾಲು ಸಕ್ಕರೆಗೆ ಒಂದು ಪಾಲು ನೀರಿನ ಮಂದ ಪಾಕ. ತೆಳು ಪಾಕ ಕೊಟ್ಟರೆ ಅದರ ನೀರನ್ನು ಆವಿ ಮಾಡುವುದಕ್ಕೇ ಅವುಗಳ ಶಕ್ತಿ ಸೋರಿಹೋಗುತ್ತದೆ.

ನೊಣಗಳು ಕಡಿಮೆಯಿರುವ ಕುಟುಂಬ ಒಂಟಿಯಾಗಿ ಚಳಿಗಾಲ ದಾಟುವುದು ಕಷ್ಟ. ಪುಟ್ಟ ಚೆಂಡು ಬೇಗ ಆರುತ್ತದೆ. ಅದನ್ನು ಬಲವಾದ ಕುಟುಂಬದೊಡನೆ ಸೇರಿಸುತ್ತಾರೆ. ನೇರವಾಗಿ ಸೇರಿಸಿದರೆ ವಾಸನೆ ಬೇರೆಯಾದ್ದರಿಂದ ಕಾದಾಡಿ ಸಾಯುತ್ತವೆ. ಒಂದು ಪೆಟ್ಟಿಗೆಯ ಮೇಲೆ ಹಳೆಯ ಸುದ್ದಿಪತ್ರಿಕೆಯ ಒಂದು ಹಾಳೆ ಹಾಸಿ, ಅದಕ್ಕೆ ನಾಲ್ಕಾರು ಸಣ್ಣ ತೂತು ಮಾಡಿ, ಇನ್ನೊಂದು ಪೆಟ್ಟಿಗೆಯನ್ನು ಮೇಲಿಡುತ್ತಾರೆ. ಎರಡೂ ಕಡೆಯವು ಕಾಗದವನ್ನು ಕಡಿಯತೊಡಗುತ್ತವೆ. ಹಾಳೆ ಹರಿದು ಮುಗಿಯುವ ಹೊತ್ತಿಗೆ ಎರಡು ಮನೆಗಳ ವಾಸನೆ ಒಂದಾಗಿರುತ್ತದೆ. ಪೆಟ್ಟಿಗೆಯ ಮುಂದೆ ಬಿದ್ದ ಕಾಗದದ ಚೂರು ಕಂಡರೆ ಬೀಗತನ ಕುದುರಿತೆಂದು ಅರ್ಥ.

ಚಳಿಗಾಲದಲ್ಲಿ ಚೆಂಡು ಕೆಳಗಿನಿಂದ ಮೇಲಕ್ಕೆ, ಜೇನು ತಿನ್ನುತ್ತ ಏರುತ್ತದೆ. ಆದ್ದರಿಂದ ರಾಣಿಯನ್ನು ಕೆಳಗೆ ತಡೆದಿಟ್ಟಿದ್ದ ಜಾಲರಿಯನ್ನು ಶರತ್ಕಾಲದಲ್ಲೇ ತೆಗೆಯಬೇಕು. ಮರೆತರೆ ಎಲ್ಲರೂ ಮೇಲೇರಿ, ರಾಣಿಯೊಬ್ಬಳು ಕೆಳಗೆ ಉಳಿದು ತಣ್ಣಗಾಗುತ್ತಾಳೆ. ಬೆಚ್ಚನೆ ಜಾಗ ಹುಡುಕುವ ಇಲಿ ನುಗ್ಗದಂತೆ ಬಾಗಿಲನ್ನು ಕಿರಿದು ಮಾಡಬೇಕು. ಗಂಡು ಜೇನುಗಳನ್ನು ಹೊರಹಾಕುವ ಕೆಲಸವನ್ನು ಕೆಲಸಗಾರರೇ ಮುಗಿಸಿರುತ್ತಾರೆ. ದುಡಿಯದ ಬಾಯಿಗೆ ಚಳಿಗಾಲದಲ್ಲಿ ಊಟವಿಲ್ಲ.

ಇಷ್ಟೆಲ್ಲ ಮಾಡಿದರೂ ಒಂದು ಸಾವು ಮನಸ್ಸು ಕಲಕುತ್ತದೆ. ಕಡುಚಳಿ ವಾರಗಟ್ಟಲೆ ಬಿಡದಿದ್ದರೆ ಚೆಂಡು ಬಿಚ್ಚಿಕೊಂಡು ಪಕ್ಕದ ಎರಿಗೆ ಹೋಗಲಾರದು. ವಸಂತದಲ್ಲಿ ಪೆಟ್ಟಿಗೆ ತೆರೆದವರಿಗೆ ಖಾಲಿ ಕಣಗಳೊಳಗೆ ತಲೆ ಹುದುಗಿಸಿ, ಹಿಂಭಾಗ ಮಾತ್ರ ಕಾಣುವಂತೆ ಸಾಲಾಗಿ ಸತ್ತ ನೊಣಗಳು ಸಿಗುತ್ತವೆ. ಕೊನೆಯ ಹನಿಯನ್ನೂ ನೆಕ್ಕಲು ಹೋದ ಭಂಗಿ ಅದು. ನಾಲ್ಕು ಬೆರಳು ಆಚೆಗೆ ತುಂಬಿದ ಎರಿ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಜೇನು ಎಷ್ಟಿದೆ ಎಂಬುದರಷ್ಟೇ ಎಲ್ಲಿದೆ ಎಂಬುದೂ ಮುಖ್ಯವಾಗುವುದು ಹೀಗೆ. ತುಂಬಿದ ಎರಿಗಳು ಚೆಂಡಿನ ತಲೆಯ ಮೇಲೆ, ಒತ್ತಿಗೇ ಇರಬೇಕು.

ಮುಚ್ಚಳದ ಬೆವರು

ಜೇನು ಉರಿದರೆ ಬಿಸಿಯ ಜೊತೆ ನೀರೂ ಹುಟ್ಟುತ್ತದೆ. ಒಂದು ಕಿಲೊ ಜೇನಿನಲ್ಲಿ ಸುಮಾರು 180 ಗ್ರಾಂ ನೀರು, 820 ಗ್ರಾಂ ಸಕ್ಕರೆ. 180 ಗ್ರಾಂ ಗ್ಲೂಕೋಸ್ ಪೂರ್ತಿ ಉರಿದರೆ 108 ಗ್ರಾಂ ನೀರು ಬರುತ್ತದೆ ಎಂಬುದು ಶಾಲೆಯ ರಸಾಯನಶಾಸ್ತ್ರ. ಆ ಲೆಕ್ಕದಲ್ಲಿ 820 ಗ್ರಾಂ ಸಕ್ಕರೆಯಿಂದ 492 ಗ್ರಾಂ. ಒಟ್ಟು 670 ಗ್ರಾಮಿನಷ್ಟು ನೀರು. ಚಳಿಗಾಲದಲ್ಲಿ 20 ಕಿಲೊ ಜೇನು ತಿಂದ ಕುಟುಂಬ ಒಂದು ಕೊಡ ನೀರನ್ನು ಉಸಿರಾಗಿ ಹೊರಬಿಟ್ಟಿರುತ್ತದೆ.

ಈ ಆವಿ ಮೇಲೇರಿ, ಅನ್ನದ ಪಾತ್ರೆಯ ಮುಚ್ಚಳ ಬೆವರುವಂತೆ, ಪೆಟ್ಟಿಗೆಯ ತಣ್ಣನೆಯ ಮುಚ್ಚಳಕ್ಕೆ ತಾಗಿ ಹನಿಯಾಗುತ್ತದೆ. ಹನಿ ಮತ್ತೆ ಚೆಂಡಿನ ಮೇಲೇ ಬೀಳುತ್ತದೆ. ಒಣಗಿದ ನೊಣ ತಡೆಯುವ ಚಳಿಯನ್ನು ಒದ್ದೆ ನೊಣ ತಡೆಯಲಾರದು. ಆದ್ದರಿಂದ ಹೊದಿಕೆ ಮುಖ್ಯವಾಗಿ ಬೇಕಾಗುವುದು ತಲೆಯ ಮೇಲೆ. ಮುಚ್ಚಳದಡಿ ಮರದ ಹೊಟ್ಟು ತುಂಬಿದ ಚೀಲವನ್ನೋ ದಪ್ಪ ಥರ್ಮೋಕೋಲ್ ಹಲಗೆಯನ್ನೋ ಇಟ್ಟರೆ ಮುಚ್ಚಳ ಬೆಚ್ಚಗಿದ್ದು, ಹನಿಗಟ್ಟುವುದಿದ್ದರೂ ಪಕ್ಕದ ಗೋಡೆಗಳ ಮೇಲೆ ಹನಿಗಟ್ಟಿ ಇಳಿದುಹೋಗುತ್ತದೆ. ಪೆಟ್ಟಿಗೆಯನ್ನು ಬಾಗಿಲ ಕಡೆಗೆ ತುಸು ವಾಲಿಸಿ ಇಟ್ಟರೆ ಆ ನೀರು ಹೊರಕ್ಕೆ ಹರಿಯುತ್ತದೆ. ನವೆಂಬರಿನಲ್ಲಿ ಇದು ಮುಗಿದರೆ ಮನುಷ್ಯನ ಕೆಲಸ ಬಹುಪಾಲು ಮುಗಿಯಿತು. ಮುಂದಿನದು ನಂಬಿಕೆ. ಬಿಸಿಲು ಬಂದ ಯಾವುದೋ ಒಂದು ದಿನ ನೊಣಗಳು ಹೊರಗೆ ಹಾರಿ, ವಾರಗಟ್ಟಲೆ ತಡೆದಿಟ್ಟುಕೊಂಡಿದ್ದ ಮಲವನ್ನು ಹಿಮದ ಮೇಲೆ ಹಳದಿ ಚುಕ್ಕೆಗಳಾಗಿ ಚೆಲ್ಲುತ್ತವೆ. ಗೂಡಿನೊಳಗೆ ಅವು ಹೊಲಸು ಮಾಡುವುದಿಲ್ಲ. ಆ ಚುಕ್ಕೆಗಳನ್ನು ಕಂಡು ಅಲ್ಲಿನ ಸಾಕಣೆದಾರ ನಿಟ್ಟುಸಿರು ಬಿಡುತ್ತಾನೆ: ಬದುಕಿವೆ.

ನಮ್ಮ ಚಳಿಗಾಲದ ಹೆಸರು ಮಳೆಗಾಲ

ಮಲೆನಾಡಿನಲ್ಲಿ, ಕೊಡಗಿನಲ್ಲಿ ಜೇನು ಹಸಿಯುವುದು ಜೂನಿನಿಂದ ಸೆಪ್ಟೆಂಬರಿನ ತನಕ. ಹೂವಿಲ್ಲ, ಇದ್ದರೂ ಮಕರಂದ ಮಳೆಗೆ ತೊಳೆದುಹೋಗಿರುತ್ತದೆ, ಹೊರಗೆ ಹಾರಲು ಬಿಡುವಿಲ್ಲ. ಹಸಿವೂ ತೇವವೂ ಇಲ್ಲೂ ಅವೇ. ಆದರೆ ಉತ್ತರ ಬೇರೆ. ವಿಸ್ಕಾನ್ಸಿನ್ನಿನಲ್ಲಿ ನೂರಾರು ಮೈಲಿ ಹಾರಿದರೂ ಹಿಮವೇ. ಅಲ್ಲಿನ ಜೇನು ಕೂಡಿಟ್ಟು ಕೂರಲು ಕಲಿತಿದೆ. ನಮ್ಮಲ್ಲಿ ಘಟ್ಟದಿಂದ ಇಳಿದರೆ ಬೇರೆ ಹೂವು, ಬೇರೆ ಹವೆ. ಹೆಜ್ಜೇನು ಮಳೆ ಹಿಡಿಯುವ ಹೊತ್ತಿಗೆ ಕಾಡಿನ ಎರಿಗಳನ್ನು ಬಿಟ್ಟು ಬಯಲುಸೀಮೆಯತ್ತ ಗುಳೆ ಹೊರಡುತ್ತದೆ. ತುಡುವೆ ನಡುದಾರಿಯದು: ಸಾಧ್ಯವಾದಷ್ಟು ದಿನ ಕೂರುತ್ತದೆ, ಆಗದಿದ್ದರೆ ಹೊರಡುತ್ತದೆ.

ಕೆಲವು ವರ್ಷಗಳ ಹಿಂದೆ, ಹೂವು ಭರ್ತಿಯಾಗಿದ್ದ ಒಂದು ಮೇ ತಿಂಗಳಲ್ಲಿ ನಾನು ಮರಿಕೋಣೆಯ ಅಂಚಿನ ಜೇನನ್ನೂ ಬಿಡದೆ ತೆಗೆದೆ. ಜೂನಿನಲ್ಲಿ ಮಳೆ ಹಿಡಿಯಿತು. ಮೂರು ವಾರ ಪೆಟ್ಟಿಗೆ ತೆರೆಯಲಿಲ್ಲ. ಜುಲೈಯ ಒಂದು ಹೊಳವಿನ ಬೆಳಿಗ್ಗೆ ಮುಚ್ಚಳ ಎತ್ತಿದರೆ ಒಳಗೆ ಸದ್ದಿಲ್ಲ. ಎರಿಗಳು ಒರೆಸಿಟ್ಟಂತೆ ಖಾಲಿ. ಒಂದು ಮೊಟ್ಟೆಯಿಲ್ಲ, ಒಂದು ಸತ್ತ ಮರಿಯಿಲ್ಲ, ಒಂದು ಹನಿ ತುಪ್ಪವಿಲ್ಲ. ಮೂಲೆಯಲ್ಲಿ ಮೇಣದ ಹುಳುವಿನ ಬಲೆ ಹಬ್ಬಿತ್ತು. ರಾಣಿ ಮೊಟ್ಟೆ ನಿಲ್ಲಿಸಿ, ಇದ್ದ ಮರಿಗಳು ನೊಣವಾಗುವವರೆಗೆ ಕಾದು, ಉಳಿದ ತುಪ್ಪವನ್ನು ಹೊಟ್ಟೆಗೆ ತುಂಬಿಕೊಂಡು ಹೊರಟಿದ್ದವು. ಆ ಮಳೆಯಲ್ಲಿ ಎಲ್ಲಿಗೆ ಹೋದವೋ.

ಪಕ್ಕದ ಮನೆಯ ಹಿರಿಯರು ಖಾಲಿ ಎರಿಯನ್ನು ಬೆಳಕಿಗೆ ಹಿಡಿದು ನೋಡಿ, “ಮೇ ತಿಂಗಳ ಕೊನೇ ಜೇನು ನಿಂದಲ್ಲ ಮಾರಾಯ, ಅವುಗಳ ಮಳೆಗಾಲದ ಅಕ್ಕಿ ಅದು” ಅಂದರು. ಅವರ ಮನೆಯ ಜಗುಲಿಯಲ್ಲಿ ಸೌದೆ ಮಾಡಿನವರೆಗೆ ಒಟ್ಟಿತ್ತು. ಅಟ್ಟದಲ್ಲಿ ಹಪ್ಪಳದ ಡಬ್ಬ, ಮಿಡಿ ಉಪ್ಪಿನಕಾಯಿಯ ಭರಣಿ. ಎಲ್ಲ ಬೇಸಿಗೆಯಲ್ಲೇ ಆದದ್ದು.

ಅಂದಿನಿಂದ ಮೇ ಕೊನೆಯಲ್ಲಿ ನಾನೂ ಪೆಟ್ಟಿಗೆಯ ಹಿಂಬದಿ ಎತ್ತಿ ನೋಡುತ್ತೇನೆ. ಮರಿಕೋಣೆಯ ಜೇನನ್ನು ಮುಟ್ಟುವುದಿಲ್ಲ. ನೊಣ ಕೂರದ ಎರಿಗಳನ್ನು ತೆಗೆದಿಡುತ್ತೇನೆ, ಇಲ್ಲವಾದರೆ ಮೇಣದ ಹುಳುವಿಗೆ ಕರೆಕೊಟ್ಟ ಹಾಗೆ. ಸ್ಟ್ಯಾಂಡಿನ ಕಾಲುಗಳನ್ನು ಇರುವೆ ಹತ್ತದಂತೆ ನೀರಿನ ಬಟ್ಟಲಲ್ಲಿ ನಿಲ್ಲಿಸುತ್ತೇನೆ, ಮುಚ್ಚಳಕ್ಕೆ ಸೋಗೆ ಹೊದಿಸುತ್ತೇನೆ. ಮಳೆ ಬಿರುಸಾದ ಮೇಲೆ ವಾರಕ್ಕೊಮ್ಮೆ, ಬೇರೆ ಗೂಡಿನವು ಬಂದು ಕದಿಯದಂತೆ ಸಂಜೆ ಹೊತ್ತಿನಲ್ಲಿ, ಸಮಪಾಲು ಸಕ್ಕರೆ ಮತ್ತು ನೀರಿನ ಪಾಕ.

ಆಗಸ್ಟಿನ ಸಂಜೆ, ಕೊಡೆಯಡಿ ಬಗ್ಗಿ ಪಾಕದ ಬಟ್ಟಲನ್ನು ಒಳಗಿಡುವಾಗ ಪೆಟ್ಟಿಗೆಯ ಪಕ್ಕೆಗೆ ಕಿವಿ ಕೊಡುತ್ತೇನೆ. ಸೋಗೆಯ ಮೇಲೆ ಮಳೆಯ ಸದ್ದು, ಅದರಡಿಯಲ್ಲಿ ಬೀಸುಕಲ್ಲಿನ ಆ ಮೆಲುದನಿ. ಅದೇ ಆಗಸ್ಟಿನಲ್ಲಿ, ಭೂಮಿಯ ಆಚೆ ಬದಿಯ ಬಿಸಿಲಲ್ಲಿ, ಯಾರೋ ಒಬ್ಬರು ಬಿಳಿ ತಟ್ಟೆಯ ಮೇಲೆ ಬಾಟಲಿ ಬೋರಲಿಟ್ಟು ನುಸಿ ಎಣಿಸುತ್ತಿರುತ್ತಾರೆ.